ರಾಬರ್ಟ್ ಬ್ರೂಸ್ ಫೂಟ್ ಅಂದರೆ ಬರೀ ಪಲ್ಲಾವರಂ ಕಲ್ಲಾ? ಬಳ್ಳಾರಿ ಕಡೆ ಅವರು ಮಾಡಿದ ಕೆಲಸದ ಬಗ್ಗೆ ಮಾತಾಡೋಣ

ಬಯಲುಸೀಮೆ

ಭಾರತದ ಪ್ರಾಗಿತಿಹಾಸದ ಬಗ್ಗೆ ಯಾವ ಪುಸ್ತಕ ತೆಗೆದರೂ ಶುರುವಿನಲ್ಲೇ ಒಂದು ಸಾಲು ಸಿಗುತ್ತದೆ. 1863ರ ಮೇ 30ರಂದು ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಹಳೆ ಶಿಲಾಯುಗದ ಕಲ್ಲಿನ ಆಯುಧ ಸಿಕ್ಕಿತು ಅಂತ. ಆ ಸಾಲು ಮುಗಿಯುತ್ತಿದ್ದ ಹಾಗೆ ಪುಸ್ತಕ ಸೀದಾ ಹರಪ್ಪಕ್ಕೆ ಹೋಗಿಬಿಡುತ್ತದೆ. ಪರೀಕ್ಷೆಗೆ ಓದುವವರಿಗೆ ಇದು ಒಂದು ಮಾರ್ಕಿನ ಪ್ರಶ್ನೆ.

ನನಗೆ ಇದು ತುಂಬಾ ದಿನದಿಂದ ಬೇಜಾರಿನ ವಿಷಯ. ಆ ಕಲ್ಲು ಮುಖ್ಯ, ಇಲ್ಲ ಅನ್ನುವುದಿಲ್ಲ. ಆದರೆ ಆ ಮನುಷ್ಯ ಮುಂದೆ ಇನ್ನೂ ಸುಮಾರು ನಲವತ್ತು ವರ್ಷ ದಕ್ಷಿಣ ಭಾರತವನ್ನೆಲ್ಲ ಸುತ್ತಿದರು. ಹೆಚ್ಚಾಗಿ ಕುದುರೆ ಮೇಲೆ, ಇಲ್ಲವೇ ಕಾಲ್ನಡಿಗೆಯಲ್ಲಿ. ನಾನೂರೈವತ್ತರ ಆಸುಪಾಸು ನೆಲೆಗಳನ್ನು ದಾಖಲೆ ಮಾಡಿದರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನವಶಿಲಾಯುಗದವು, ಅಂದರೆ ದನ ಸಾಕಿ, ಕಾಳು ಬೆಳೆದು, ಉಜ್ಜಿ ನುಣುಪು ಮಾಡಿದ ಕೊಡಲಿ ಹಿಡಿದು ಬದುಕಿದ ಜನರವು. ಆ ಜನರನ್ನು ಅರ್ಥ ಮಾಡಿಕೊಳ್ಳಲು ಅವರಿಗೆ ದಾರಿ ಸಿಕ್ಕಿದ್ದು ನಮ್ಮ ಬಳ್ಳಾರಿ ಗುಡ್ಡಗಳಲ್ಲಿ. ಅವರ ದೊಡ್ಡ ಕೆಲಸ ಅದು ಅಂತ ನನ್ನ ಅಭಿಪ್ರಾಯ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟೆನ್‌ಹ್ಯಾಮ್‌ನಲ್ಲಿ. 1858ರ ಕೊನೆಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದರು. ಕಲ್ಲು, ಮಣ್ಣು, ಖನಿಜ ಎಲ್ಲೆಲ್ಲಿದೆ ಅಂತ ನಕ್ಷೆ ಮಾಡುವುದು ಸರ್ಕಾರ ಸಂಬಳ ಕೊಡುತ್ತಿದ್ದ ಕೆಲಸ. ಪುರಾತತ್ತ್ವ ಅವರ ಸ್ವಂತ ಹುಚ್ಚು. 1859ರಲ್ಲಿ ಯುರೋಪಿನಲ್ಲಿ ದೊಡ್ಡ ಚರ್ಚೆ ನಡೆದು, ಫ್ರಾನ್ಸಿನ ಸೋಮ್ ನದಿಯ ಜಲ್ಲಿ ಪದರದಲ್ಲಿ ಸಿಕ್ಕ ಕಲ್ಲುಗಳು ನಿಜವಾಗಲೂ ಮನುಷ್ಯ ಮಾಡಿದ ಆಯುಧಗಳೇ ಅಂತ ವಿಜ್ಞಾನಿಗಳು ಒಪ್ಪಿಕೊಂಡರು. ಬರೀ ನಾಲ್ಕು ವರ್ಷದಲ್ಲಿ ಫೂಟ್ ಅದೇ ತರಹದ ಕಲ್ಲನ್ನು ಪಲ್ಲಾವರಂನ ಕವಾಯತು ಮೈದಾನದ ಹತ್ತಿರ, ಜಲ್ಲಿ ತೆಗೆಯುವ ಗುಂಡಿಯಲ್ಲಿ ಗುರುತಿಸಿದರು. ಆಗ ಅವರಿಗೆ 28 ವರ್ಷ. ಅದೇ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆ ಈಗಿನ ತಮಿಳುನಾಡಿನ ಅತ್ತಿರಂಪಾಕ್ಕಂಗೆ ಹೋದಾಗ ಅಲ್ಲಿ ಇನ್ನೂ ರಾಶಿ ಆಯುಧ ಸಿಕ್ಕವು. ಮಿಕ್ಕಿದ್ದನ್ನು ನಿಮ್ಮ ಪ್ರಶ್ನೆ ನೋಡಿಕೊಂಡು ಬರೆಯುತ್ತೇನೆ.

ಓದುಗ ಮೈಸೂರು

ಒಳ್ಳೆ ವಿಷಯ ತೆಗೆದಿರಿ. ಆದರೆ ಬಳ್ಳಾರಿಯಲ್ಲಿ ಅಂಥದ್ದೇನು ಮಾಡಿದರು ಅಂತ ಬಿಡಿಸಿ ಹೇಳಿ. ಬೂದಿದಿಬ್ಬ ಅಂತ ಏನೋ ಕೇಳಿದ್ದೇನೆ, ಹಂಪಿ ಹತ್ತಿರ ನಿಂಬಾಪುರದಲ್ಲಿ ವಾಲಿಯನ್ನು ಸುಟ್ಟ ಜಾಗ ಅಂತ ಒಂದು ದಿಬ್ಬ ತೋರಿಸುತ್ತಾರೆ. ಅದೇನಾ?

ಬಯಲುಸೀಮೆ

ಅದೇ ಜಾತಿಯದು. ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ, ಆ ಕಡೆ ಆಂಧ್ರ, ತೆಲಂಗಾಣದ ಗಡಿ ಜಿಲ್ಲೆಗಳು ಎಲ್ಲ ಸೇರಿದರೆ ನೂರಕ್ಕೂ ಜಾಸ್ತಿ ಬೂದಿದಿಬ್ಬ ಇವೆ. ಕೆಲವು ಕಡೆ ಬರೀ ಮೆತ್ತನೆ ಬೂದಿ. ಕೆಲವು ಕಡೆ ಒಳಗೆ ಕರಗಿ ಗಟ್ಟಿಯಾಗಿ ಕಿಟ್ಟದ ಹಾಗೆ ತೂತುತೂತಾಗಿರುವ ದೊಡ್ಡ ಹೆಂಟೆಗಳು. ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗುವಾಗ ಕುಡತಿನಿ ಹತ್ತಿರ ಒಂದು ದೊಡ್ಡದಿದೆ.

ಇದು ಏನು ಅಂತ 19ನೇ ಶತಮಾನದಲ್ಲಿ ಎಲ್ಲರೂ ತಲೆ ಕೆಡಿಸಿಕೊಂಡಿದ್ದರು. ಊರವರು ರಾಕ್ಷಸರನ್ನು ಸುಟ್ಟದ್ದು ಅಂದರು. ಸಾಹೇಬರುಗಳು ಜ್ವಾಲಾಮುಖಿ ಅಂದರು, ಕಬ್ಬಿಣ ಕರಗಿಸಿದ ಜಾಗ ಅಂದರು, ವಿಜಯನಗರದ ಕಾಲದ ಸಾಮೂಹಿಕ ಚಿತೆ ಅಂತಲೂ ಒಬ್ಬರು ಬರೆದರು. ಫೂಟ್ ದಿಬ್ಬದ ಮೇಲೆ, ಸುತ್ತಮುತ್ತ ಹುಡುಕಿದರು. ಉಜ್ಜಿದ ಕಲ್ಲಿನ ಕೊಡಲಿ, ಕೈಯಲ್ಲಿ ಮಾಡಿದ ಮಡಕೆಯ ಚೂರು, ದನದ ಮೂಳೆ ಸಿಕ್ಕವು. ಅಂದ ಮೇಲೆ ಇದು ನವಶಿಲಾಯುಗದವರದ್ದು, ಈ ಬೂದಿ ದನದ ಸಗಣಿ ಸುಟ್ಟದ್ದು ಅಂತ ತೀರ್ಮಾನಿಸಿದರು. ಆಫ್ರಿಕಾದಲ್ಲಿ ದನಗಾಹಿಗಳು ಮುಳ್ಳಿನ ಬೇಲಿ ಹಾಕಿ ದನ ಕೂಡುವ ಹಾಗೆ ಇಲ್ಲೂ ದೊಡ್ಡ ದೊಡ್ಡ ದೊಡ್ಡಿಗಳಿದ್ದಿರಬೇಕು, ಅದರೊಳಗೆ ಬಿದ್ದ ಸಗಣಿಗೆ ಬೆಂಕಿ ಬಿದ್ದು ಈ ದಿಬ್ಬ ಆಗಿದೆ ಅಂದರು.

ಯೋಚನೆ ಮಾಡಿ. ಆಗ ಕಾರ್ಬನ್ ಡೇಟಿಂಗ್ ಇಲ್ಲ, ಸೂಕ್ಷ್ಮವಾಗಿ ಅಗೆಯುವ ಪದ್ಧತಿ ಇಲ್ಲ, ಹೋಲಿಸಿ ನೋಡೋಣ ಅಂದರೆ ಹಿಂದೆ ಯಾರೂ ವ್ಯವಸ್ಥಿತವಾಗಿ ಅಗೆದ ಇನ್ನೊಂದು ದಿಬ್ಬವೂ ಇಲ್ಲ. ನೆಲದ ಮೇಲೆ ಕಣ್ಣಿಗೆ ಬಿದ್ದದ್ದನ್ನು ಒಂದಕ್ಕೊಂದು ಜೋಡಿಸಿ ಇಷ್ಟು ಹೇಳಿದರು. 1957ರಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಆಲ್ಚಿನ್ ಅವರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಒಂದು ದಿಬ್ಬ ಅಗೆದಾಗ ಬೇಲಿಯ ಗೂಟ ನೆಟ್ಟ ಕುಳಿಗಳು ಸಿಕ್ಕವು. ಬೂದಿಯ ಪದರದಲ್ಲಿ ದನದ ಗೊರಸಿನ ಗುರುತು ಹಾಗೇ ಅಚ್ಚೊತ್ತಿತ್ತು! ಫೂಟ್ ಹೇಳಿದ ಮೂಲ ಮಾತು ನಿಂತಿತು.

ಬಂಡೆಗಲ್ಲು

ಒಂದು ತಕರಾರು ಇದೆ, ತಪ್ಪು ತಿಳಿಯಬೇಡಿ. ಫೂಟ್ ಅವರನ್ನು ಭಾರತದ ಪ್ರಾಗಿತಿಹಾಸದ ಪಿತಾಮಹ ಅಂತ ಕರೆಯುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. 1842ರಲ್ಲೇ ಲಿಂಗಸುಗೂರಿನಲ್ಲಿ ಡಾಕ್ಟರ್ ಪ್ರಿಮ್‌ರೋಸ್ ಅವರಿಗೆ ಕಲ್ಲಿನ ಆಯುಧ ಸಿಕ್ಕಿದ್ದವು. ಬಳ್ಳಾರಿ ಹತ್ತಿರದ ಕುಪ್ಪಗಲ್ ಬೂದಿದಿಬ್ಬದ ಬಗ್ಗೆ ಕ್ಯಾಪ್ಟನ್ ನ್ಯೂಬೋಲ್ಡ್ ಫೂಟ್‌ಗಿಂತ ಮೊದಲೇ ನೋಡಿ ಬರೆದಿದ್ದರು. ಸುರಪುರದಲ್ಲಿದ್ದ ಮೆಡೋಸ್ ಟೇಲರ್ 1850ರ ದಶಕದಲ್ಲೇ ಬೃಹತ್ ಶಿಲಾ ಸಮಾಧಿಗಳನ್ನು ಅಗೆದು, ಪದರ ಪದರವಾಗಿ ಚಿತ್ರ ಬರೆದಿಟ್ಟರು. ಆ ಕಾಲಕ್ಕೆ ಅದು ತುಂಬಾ ಮುಂದುವರಿದ ಕೆಲಸ. ಅವರನ್ನೆಲ್ಲ ಬಿಟ್ಟು ಒಬ್ಬರಿಗೇ ಪಟ್ಟ ಯಾಕೆ?

ಇನ್ನೊಂದು. ಕಲ್ಲಿನ ಕೊಡಲಿ ಸಾಮಾನ್ಯ ಕಲ್ಲಲ್ಲ ಅಂತ ಊರ ಜನಕ್ಕೆ ಮೊದಲೇ ಗೊತ್ತಿತ್ತು. ತಮಿಳುನಾಡಿನ ಶೇವರಾಯ್ ಬೆಟ್ಟದಲ್ಲಿ ಜನ ಹೊಲದಲ್ಲಿ ಸಿಕ್ಕ ಕೊಡಲಿಗಳನ್ನು ತಂದು ಗಣಪತಿ ಗುಡಿಯಲ್ಲಿ ಇಡುತ್ತಿದ್ದರು. ಫೂಟ್ ಅವರೇ ಅದನ್ನು ಬರೆದಿದ್ದಾರೆ. ದಾರಿ ತೋರಿಸಿದವರು, ಸಾಮಾನು ಹೊತ್ತವರು, ಎಲ್ಲೆಲ್ಲಿ ಏನಿದೆ ಅಂತ ಹೇಳಿದವರು ಯಾರೂ ಇತಿಹಾಸದಲ್ಲಿ ಬರುವುದಿಲ್ಲ.

ಬಯಲುಸೀಮೆ

ಬಂಡೆಗಲ್ಲು, ಎರಡನೇ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಅವರ ಹೆಸರುಗಳು ಉಳಿಯಬೇಕಿತ್ತು.

ಮೊದಲನೆಯದಕ್ಕೆ ಮಾತ್ರ ನನ್ನ ಉತ್ತರ ಇದು. ಪ್ರಿಮ್‌ರೋಸ್‌ಗೆ ವಸ್ತು ಸಿಕ್ಕಿತು, ನ್ಯೂಬೋಲ್ಡ್‌ಗೆ ಜಾಗ ಸಿಕ್ಕಿತು. ಟೇಲರ್ ಸಮಾಧಿಗಳಲ್ಲಿ ಒಳ್ಳೆ ಕೆಲಸ ಮಾಡಿದರು, ಆದರೆ ಅವು ಕಬ್ಬಿಣದ ಯುಗದವು, ತುಂಬಾ ಈಚಿನವು. ಹಳೆ ಶಿಲಾಯುಗ, ನವಶಿಲಾಯುಗ, ಕಬ್ಬಿಣದ ಯುಗ ಅಂತ ಒಂದು ಸಾಲು ಕಟ್ಟಿ, ಯಾವ ಊರು ಯಾವ ಕಾಲಕ್ಕೆ ಸೇರುತ್ತದೆ, ಅಲ್ಲಿ ಯಾವ ಕಲ್ಲು ಬಳಸಿದ್ದಾರೆ, ಆ ಕಲ್ಲು ಎಲ್ಲಿಂದ ಬಂತು ಅಂತ ಇಡೀ ದಕ್ಷಿಣಕ್ಕೆ ಒಂದೇ ಪಟ್ಟಿ ಮಾಡಿದವರು ಫೂಟ್. ಅವರ ಸಂಗ್ರಹವನ್ನು 1904ರಲ್ಲಿ ಮದರಾಸು ಸರ್ಕಾರಿ ಮ್ಯೂಸಿಯಂ ಕೊಂಡುಕೊಂಡಿತು, ಎಗ್ಮೋರಿನಲ್ಲಿ ಈಗಲೂ ಇದೆ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಸಂಗ್ರಹದ ಕ್ಯಾಟಲಾಗ್ 1914ರಲ್ಲಿ, ಕಾಲ ಮತ್ತು ಹಂಚಿಕೆಯ ಟಿಪ್ಪಣಿಗಳು 1916ರಲ್ಲಿ ಬಂದವು. ತನ್ನ ಕೆಲಸದ ಪೂರ್ತಿ ರೂಪವನ್ನು ಅಚ್ಚಿನಲ್ಲಿ ನೋಡಲು ಅವರಿರಲಿಲ್ಲ. ಇವತ್ತಿಗೂ ಸಂಶೋಧಕರು ಆ ಪಟ್ಟಿ ಹಿಡಿದುಕೊಂಡೇ ಊರೂರು ಹೋಗುತ್ತಾರೆ.

ಗಣಿ ಇಂಜಿನಿಯರ್

ನಾನು ಭೂವಿಜ್ಞಾನ ಓದಿದವನು, ನನಗೆ ಫೂಟ್ ಮೊದಲು ಪರಿಚಯ ಆಗಿದ್ದು ಆ ಕಡೆಯಿಂದ. ನಮ್ಮಲ್ಲಿ ಧಾರವಾಡ ಶಿಲಾಶ್ರೇಣಿ ಅಂತ ಎಲ್ಲರೂ ಬಾಯಿಪಾಠ ಮಾಡುತ್ತೇವಲ್ಲ, 1880ರ ದಶಕದಲ್ಲಿ ಆ ಹೆಸರಿಟ್ಟವರು ಇವರೇ. ದಕ್ಷಿಣದ ಚಿನ್ನ, ಕಬ್ಬಿಣದ ಅದಿರು ಎಲ್ಲ ಹೆಚ್ಚಾಗಿ ಈ ಶ್ರೇಣಿಯಲ್ಲೇ ಇದೆ ಅಂತ ಬೇರೆ ಕಲ್ಲುಗಳಿಂದ ಬಿಡಿಸಿ ತೋರಿಸಿದರು. ಕಪ್ಪತಗುಡ್ಡದ ಚಿನ್ನದ ಬಗ್ಗೆ 1874ರಲ್ಲೇ ಬರೆದಿದ್ದಾರೆ. ಬಳ್ಳಾರಿ ಜಿಲ್ಲೆಯ ಭೂರಚನೆಯ ಬಗ್ಗೆ ಅವರ ದೊಡ್ಡ ವರದಿ 1895ರದ್ದು. ಸರ್ವೇಕ್ಷಣೆಯಿಂದ 1891ರಲ್ಲಿ ನಿವೃತ್ತರಾದ ಮೇಲೂ ಸುಮ್ಮನೆ ಕೂರಲಿಲ್ಲ, ಬರೋಡ ಸಂಸ್ಥಾನಕ್ಕೆ ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ಶುರು ಮಾಡಿದಾಗ ಅದನ್ನು ನಡೆಸಿದವರೂ ಇವರೇ.

ಪುರಾತತ್ತ್ವದವರು ಇದನ್ನು ಬೇರೆ ಖಾತೆಗೆ ಹಾಕಿಬಿಡುತ್ತಾರೆ. ನನ್ನ ಪ್ರಕಾರ ಎರಡೂ ಒಂದೇ. ಕಲ್ಲು ಗೊತ್ತಿದ್ದುದರಿಂದಲೇ ಅವರಿಗೆ ಮನುಷ್ಯರು ಕಂಡರು. ಬಳ್ಳಾರಿ ಸುತ್ತ ಹೆಚ್ಚಿನ ಗುಡ್ಡಗಳು ಗ್ರಾನೈಟ್. ಅದರ ಮಧ್ಯೆ ಅಲ್ಲಲ್ಲಿ ಕರೀ ಪಟ್ಟಿ ಎಳೆದ ಹಾಗೆ ಡಾಲರೈಟ್ ಡೈಕ್ (ಬಿರುಕಿನಲ್ಲಿ ಕರಗಿದ ಕಲ್ಲು ನುಗ್ಗಿ ಗಟ್ಟಿಯಾದ ಪಟ್ಟಿ) ಹಾದು ಹೋಗುತ್ತದೆ. ಗ್ರಾನೈಟ್‌ನಲ್ಲಿ ಕೊಡಲಿ ಆಗುವುದಿಲ್ಲ, ಪುಡಿ ಉದುರುತ್ತದೆ. ಡಾಲರೈಟ್ ಸಣ್ಣ ಕಣದ ಗಟ್ಟಿ ಕಲ್ಲು, ಅಲಗು ನಿಲ್ಲುತ್ತದೆ. ಕುಪ್ಪಗಲ್ ಗುಡ್ಡದಲ್ಲಿ ಅಂಥ ಡೈಕ್ ಇದೆ, ಅದರ ಪಕ್ಕದಲ್ಲೇ ಕೊಡಲಿ ಮಾಡುವ ದೊಡ್ಡ ಕಾರ್ಖಾನೆ ಇತ್ತು ಅಂತ ಗುರುತಿಸಿದರು. ಮೊದಲು ಹೊಡೆದು ಚಕ್ಕೆ ಎಬ್ಬಿಸುವುದು, ಆಮೇಲೆ ಕುಟ್ಟಿ ಉಬ್ಬು ತೆಗೆಯುವುದು, ಆಮೇಲೆ ಉಜ್ಜುವುದು, ಕೊನೆಗೆ ನುಣುಪು ಮಾಡುವುದು, ಹೀಗೆ ಒಂದೊಂದು ಹಂತವನ್ನೂ ಅರ್ಧಕ್ಕೆ ಬಿಟ್ಟ ಕೊಡಲಿಗಳನ್ನು ನೋಡಿಯೇ ಹೇಳಿದರು. ಮುರಿದು ಬಿಸಾಡಿದ್ದನ್ನೂ ಅಷ್ಟೇ ಆಸ್ಥೆಯಿಂದ ಎತ್ತಿಟ್ಟುಕೊಂಡವರು ಆ ಕಾಲದಲ್ಲಿ ಕಡಿಮೆ. ಉಳಿದವರಿಗೆ ಚೆಂದದ ಕೊಡಲಿ ಮಾತ್ರ ಬೇಕಿತ್ತು.

ಹಗರಿ ದಂಡೆ

ನಮ್ಮದು ಸಂಗನಕಲ್ಲು ಹತ್ತಿರವೇ ಊರು, ಆ ಗುಡ್ಡದಲ್ಲೇ ಆಡಿ ಬೆಳೆದವರು ನಾವು. ಇಂಜಿನಿಯರ್ ಸರ್ ಹೇಳಿದ ಜಾಗ ಹಿರೇಗುಡ್ಡ. ಮೇಲೆ ಹತ್ತಿದರೆ ಬಂಡೆಗಳ ನಡುವೆ ನೆಲದ ತುಂಬಾ ಕರೀ ಚಕ್ಕೆಗಳು, ಕಾಲಿಟ್ಟರೆ ಚರಕ್ ಅನ್ನುತ್ತವೆ. ಒಂದು ಕೈಗೆತ್ತಿಕೊಂಡು ನೋಡಿದರೆ ಹೊಡೆತ ಬಿದ್ದ ಕಡೆ ಸಣ್ಣ ಉಬ್ಬು, ಅಲ್ಲಿಂದ ಅಲೆ ಅಲೆಯಾಗಿ ಗೆರೆ. ಗ್ರಾನೈಟ್ ಬಂಡೆ ಮೇಲೆ ಉದ್ದುದ್ದ ತೋಡುಗಳಿವೆ, ಒಳಗೆ ಬೆರಳು ಆಡಿಸಿದರೆ ಗಾಜಿನಷ್ಟು ನುಣುಪು. ಕೊಡಲಿ ಉಜ್ಜಿದ ಜಾಗ ಅದು. ಡೈಕಿನ ಕರೀ ಬಂಡೆಗಳ ಮೇಲೆ ಉದ್ದ ಕೊಂಬಿನ, ಇಣಿ ಇರುವ ಎತ್ತುಗಳ ಚಿತ್ರ ಕುಟ್ಟಿದ್ದಾರೆ, ಬೆಳಗಿನ ಓರೆ ಬಿಸಿಲಿಗೆ ಚೆನ್ನಾಗಿ ಕಾಣುತ್ತವೆ. ಕೆಲವು ಬಂಡೆ ಕಲ್ಲಿನಿಂದ ಬಡಿದರೆ ಗಂಟೆಯ ಹಾಗೆ ನಾದ ಬರುತ್ತದೆ. ಬಡಿದು ಬಡಿದೇ ಅಲ್ಲಿ ಬಟ್ಟಲಿನಂಥ ಕುಳಿ ಬಿದ್ದಿವೆ.

ಆದರೆ ಈ ಗುಡ್ಡದ ಕಥೆ ಹೇಳುವಾಗ ಕಲ್ಲುಗಣಿ ಬಗ್ಗೆ ಹೇಳದೆ ಇರಲಾಗುವುದಿಲ್ಲ. ಸುತ್ತಲೂ ಜಲ್ಲಿಗಾಗಿ ಗುಡ್ಡ ಒಡೆದಿದ್ದಾರೆ. ಚಿತ್ರ ಇದ್ದ ಬಂಡೆಗಳೂ ಹೋಗಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರು ಹೊರದೇಶದ ಸಂಶೋಧಕರ ಜೊತೆ ಸೇರಿ ಅಲ್ಲಿ ಅಗೆದು ಕೆಲಸ ಮಾಡುವಾಗಲೂ ಪಕ್ಕದಲ್ಲಿ ಗಣಿ ನಡೆಯುತ್ತಿತ್ತು. ಕೆಲವು ಜಾಗ ಅವರು ಅವಸರದಲ್ಲಿ ದಾಖಲಿಸದಿದ್ದರೆ ಈಗ ಏನೂ ಗೊತ್ತಾಗುತ್ತಿರಲಿಲ್ಲ. ಫೂಟ್ ಕುದುರೆ ಮೇಲೆ ಬಂದು ನೋಡಿದ್ದನ್ನು ನಾವು ಲಾರಿಯಲ್ಲಿ ತುಂಬಿ ಕಳಿಸಿದೆವು. ಇದು ನನಗೆ ನಿಜವಾಗಲೂ ಹೊಟ್ಟೆ ಉರಿಯುವ ವಿಷಯ.

ಇತಿಹಾಸದ ಟೀಚರ್

ಹೈಸ್ಕೂಲ್ ಮಕ್ಕಳಿಗೆ ಪಾಠ ಮಾಡುತ್ತೇನೆ, ಈ ಚರ್ಚೆ ತುಂಬಾ ಉಪಯೋಗ ಆಯಿತು. ಎರಡು ಪ್ರಶ್ನೆ. ಫೂಟ್ ಹೇಳಿದ್ದರಲ್ಲಿ ಈಗ ಯಾವುದು ನಿಂತಿಲ್ಲ? ಮತ್ತೆ ಆ ಜನ ಏನು ತಿನ್ನುತ್ತಿದ್ದರು ಅಂತ ಏನಾದರೂ ಗೊತ್ತಾ? ಮಕ್ಕಳು ಯಾವಾಗಲೂ ಅದನ್ನೇ ಕೇಳುತ್ತಾರೆ.

ಬಯಲುಸೀಮೆ

ಟೀಚರ್, ಮೊದಲನೆಯದು. ಹಳೆ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ಮಧ್ಯೆ ದೊಡ್ಡ ಅಂತರ ಇದೆ, ಆ ಕಾಲದಲ್ಲಿ ಇಲ್ಲಿ ಮನುಷ್ಯರೇ ಇರಲಿಲ್ಲ ಅನ್ನುವ ಹಾಗೆ ಅವರು ಬರೆದರು. ಗುಜರಾತಿನ ಸಾಬರಮತಿ ದಡದಲ್ಲಿ ಹಳೇ ಆಯುಧ ಇರುವ ಜಲ್ಲಿಗೂ, ಮೇಲೆ ಸಿಗುವ ಹೊಸ ಆಯುಧಕ್ಕೂ ನಡುವೆ ಭಾರಿ ದಪ್ಪದ ಮಣ್ಣಿನ ಪದರ ಕಂಡು ಹಾಗೆ ಅಂದುಕೊಂಡರು. ಅವರ ಕೈಯಲ್ಲಿದ್ದ ಪುರಾವೆಗೆ ಅದು ಸರಿಯಾದ ತರ್ಕವೇ. ಆದರೆ ಆ ನಡುವಿನ ಕಾಲದ ಆಯುಧಗಳು ಆಮೇಲೆ ದೇಶದ ತುಂಬಾ ಸಿಕ್ಕವು, ಸಣ್ಣ ಸಣ್ಣ ಕಲ್ಲಿನ ಅಲಗುಗಳ ಕಾಲವೂ ಸೇರಿ. ಅಂತರದ ಮಾತು ಬಿದ್ದುಹೋಯಿತು.

ಇನ್ನು ಕಾಲದ ಲೆಕ್ಕ. ಅವರಿಗೆ ಹಿಂದು ಮುಂದು ಗೊತ್ತಿತ್ತು, ಎಷ್ಟು ವರ್ಷ ಅಂತ ಗೊತ್ತಾಗುವ ದಾರಿ ಇರಲಿಲ್ಲ. ಅವರು ಕಂಡುಹಿಡಿದ ಅದೇ ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಮತ್ತು ಕುಮಾರ್ ಅಖಿಲೇಶ್ ಅವರ ತಂಡ ವರ್ಷಗಟ್ಟಲೆ ಅಗೆದು, ಅಲ್ಲಿನ ಕೈಗೊಡಲಿಗಳು ಸುಮಾರು 15 ಲಕ್ಷ ವರ್ಷ ಹಳೆಯವು ಅಂತ 2011ರಲ್ಲಿ ಪ್ರಕಟಿಸಿತು. 2018ರಲ್ಲಿ ಅದೇ ಜಾಗದ ಹಳೆ ಶಿಲಾಯುಗದ ಮಧ್ಯ ಘಟ್ಟದ ಪದರಕ್ಕೆ ಸುಮಾರು 3,85,000 ವರ್ಷ ಅಂತ ತೋರಿಸಿತು. ಮಕ್ಕಳಿಗೆ ನಮ್ಮ ಕಡೆಯ ಉದಾಹರಣೆ ಬೇಕು ಅಂದರೆ ಸುರಪುರ ಹತ್ತಿರದ ಇಸಾಂಪುರ ಹೇಳಿ, ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರು ಅಗೆದದ್ದು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನಿಂದ ಲೆಕ್ಕ ಹಾಕಿ ಸುಮಾರು 12 ಲಕ್ಷ ವರ್ಷ ಅಂದಿದ್ದಾರೆ.

ಊಟದ ವಿಷಯ ಮಕ್ಕಳಿಗೆ ಖಂಡಿತ ಇಷ್ಟ ಆಗುತ್ತದೆ. ಸಂಗನಕಲ್ಲು ಮತ್ತೆ ಆ ಸುತ್ತಿನ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಸುಟ್ಟ ಕಾಳು ಹುಡುಕಿದ್ದಾರೆ. ಹುರುಳಿ, ಹೆಸರು, ಕೊರಲೆ ಸಿಕ್ಕಿವೆ. ನಾಲ್ಕು ಸಾವಿರ ವರ್ಷದ ಹಿಂದಿನ ಹುರುಳಿ! ಇದು ಫೂಟ್ ಕಾಲದಲ್ಲಿ ಕನಸಿನಲ್ಲೂ ಆಗದ ಕೆಲಸ.

ಓದುಗ ಮೈಸೂರು

ಸಗಣಿ ಸುಟ್ಟದ್ದು ಸರಿ, ಯಾಕೆ ಸುಟ್ಟರು? ಗೊಬ್ಬರಕ್ಕೆ ಬೇಕಾದ್ದನ್ನು ಯಾರಾದರೂ ಬೇಕಂತ ಸುಡುತ್ತಾರಾ? ನಮ್ಮ ಕಡೆ ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುತ್ತೇವೆ, ಅದಕ್ಕೂ ಇದಕ್ಕೂ ಸಂಬಂಧ ಇರಬಹುದಾ?

ಬಂಡೆಗಲ್ಲು

ಇದರ ಬಗ್ಗೆ ಇನ್ನೂ ಜಗಳ ಮುಗಿದಿಲ್ಲ. ಆಲ್ಚಿನ್ ಅವರು ನೀವು ಹೇಳಿದ ಹಾಗೇ ಯೋಚಿಸಿದರು. ವರ್ಷದ ಯಾವುದೋ ಹಬ್ಬದ ದಿನ ದೊಡ್ಡಿಗೆ ಬೆಂಕಿ ಹಾಕುತ್ತಿದ್ದರು, ಈಗ ದನಗಳನ್ನು ಬೆಂಕಿ ದಾಟಿಸುವ ಆಚರಣೆಗಳಲ್ಲಿ ಅದರ ಎಳೆ ಉಳಿದಿರಬಹುದು ಅಂತ. ಪದ್ದಯ್ಯ ಅವರು ಸುರಪುರ ಕಡೆಯ ಬೂದಿಹಾಳದಲ್ಲಿ ದಿಬ್ಬದ ಪಕ್ಕವೇ ಜನ ವಾಸ ಮಾಡಿದ ಜಾಗ, ದನ ಕೊಯ್ದು ಹಂಚಿಕೊಂಡ ನೆಲ ಎಲ್ಲ ಅಗೆದು, ಇದು ಸುಮ್ನೆ ಕಾಡಿನ ದೊಡ್ಡಿಯಲ್ಲ, ಊರೇ ಅಂತ ತೋರಿಸಿದರು. ಅವರು ಹಬ್ಬದ ವಾದಕ್ಕೆ ಅಷ್ಟು ಒತ್ತು ಕೊಡಲಿಲ್ಲ, ರಾಶಿಬಿದ್ದ ಸಗಣಿ ವಿಲೇವಾರಿ ಮಾಡಲು ಸುಟ್ಟರು ಅನ್ನುವ ಕಡೆ ವಾಲಿದರು. ಕಿಟ್ಟದ ಹಾಗೆ ಕರಗಬೇಕಾದರೆ ಬೆಂಕಿ ಜೋರಾಗೇ ಇರಬೇಕು. ಮತ್ತೆ ಮತ್ತೆ ಅದೇ ಜಾಗದಲ್ಲಿ ಎತ್ತರಕ್ಕೆ ಬೆಳೆಸಿದ್ದಾರೆ. ಬರೀ ಕಸ ಸುಡಲು ಅಷ್ಟು ಮಾಡುತ್ತಾರಾ ಅಂತ ನನಗೂ ಅನುಮಾನ.

ಅಂದಹಾಗೆ ಬಯಲುಸೀಮೆ, ನಿಮ್ಮ ಪಟ್ಟಿಯ ವಾದ ಓದಿದ ಮೇಲೆ ಪಿತಾಮಹ ಅನ್ನುವುದಕ್ಕೆ ನನ್ನ ತಕರಾರು ಸ್ವಲ್ಪ ಕಮ್ಮಿ ಆಗಿದೆ. ಪೂರ್ತಿ ಹೋಗಿಲ್ಲ!

ರೈತನ ಮಗ

ನಮ್ಮ ಹೊಲದಲ್ಲಿ ನೇಗಿಲು ಹೊಡೆಯುವಾಗ ಅಂಗೈ ಉದ್ದದ ಕರೀ ಕಲ್ಲು ಸಿಕ್ಕಿದೆ. ಒಂದು ತುದಿ ಚೂಪು, ಇನ್ನೊಂದು ತುದಿ ಅಗಲ, ಮೈಯೆಲ್ಲ ನುಣುಪು. ಇದು ಕೊಡಲಿಯೇ ಇರಬಹುದಾ? ಏನು ಮಾಡಬೇಕು?

ಹಗರಿ ದಂಡೆ

ಅಣ್ಣ, ಹೇಳಿದ್ದು ನೋಡಿದರೆ ಇರುವ ಸಾಧ್ಯತೆ ಜಾಸ್ತಿ. ಅಗಲ ಇರುವ ಕಡೆ ಅಲಗು ಇರುತ್ತದೆ, ಎರಡೂ ಬದಿ ಉಜ್ಜಿರುತ್ತಾರೆ, ನೋಡಿ. ಹೊಲದ ಯಾವ ಮೂಲೆಯಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತು ಅಂತ ಮರೆಯುವ ಮೊದಲು ಬರೆದಿಡಿ, ಆ ಜಾಗದ ಫೋಟೋ ತೆಗೆಯಿರಿ. ಅಕ್ಕಪಕ್ಕ ಮಡಕೆ ಚೂರು, ಬೂದಿ, ಮೂಳೆ ಕಂಡರೆ ಅದರದ್ದೂ ತೆಗೆಯಿರಿ. ತೊಳೆದು ಉಜ್ಜಬೇಡಿ. ರಾಜ್ಯ ಪುರಾತತ್ತ್ವ ಇಲಾಖೆಗೋ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ತಿಳಿಸಿ. ಯಾರಾದರೂ ದುಡ್ಡು ಕೊಡುತ್ತೇನೆ ಅಂತ ಬಂದರೆ ಕೊಡಬೇಡಿ. ಜಾಗದ ಮಾಹಿತಿ ಇಲ್ಲದ ಕೊಡಲಿಯಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಫೂಟ್ ಸಂಗ್ರಹಕ್ಕೆ ಇವತ್ತೂ ಬೆಲೆ ಇರುವುದು ಪ್ರತಿ ಕಲ್ಲಿನ ಜೊತೆ ಊರಿನ ಹೆಸರು ಇರುವುದರಿಂದ.

ಬಳ್ಳಾರಿಗೆ ಬಂದರೆ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ತ್ವ ಮ್ಯೂಸಿಯಂಗೆ ಹೋಗಿ. ಅಲ್ಲಿ ಇಂಥ ಕೊಡಲಿಗಳನ್ನು ನೋಡಿ ನಿಮ್ಮದಕ್ಕೆ ಹೋಲಿಸಬಹುದು.

ಘಟಪ್ರಭಾ

ನಾನು ಗೋಕಾಕ ಕಡೆಯವಳು. ಮೊದಲ ಪೋಸ್ಟ್ ಪೂರ್ತಿ ಬಳ್ಳಾರಿ ಬಳ್ಳಾರಿ ಅಂತಲೇ ಇದೆ, ನಮ್ಮ ಬೆಳಗಾವಿ ಕಡೆ ಫೂಟ್ ಏನೂ ಮಾಡಲಿಲ್ಲವಾ?

ಬಯಲುಸೀಮೆ

ಮಾಡಿದರು ಅಕ್ಕಾ, ಬಳ್ಳಾರಿಗೆ ಬರುವ ಮುಂಚೆಯೇ. ಆಗ ದಕ್ಷಿಣ ಮರಾಠಾ ಪ್ರದೇಶ ಅಂತ ಕರೆಯುತ್ತಿದ್ದ ಬೆಳಗಾವಿ, ಧಾರವಾಡ, ಬಾಗಲಕೋಟೆ ಸೀಮೆಯ ಭೂರಚನೆಯ ವರದಿ 1876ರಲ್ಲಿ ಬಂತು. ಮಲಪ್ರಭಾ ಕಣಿವೆಯ ಜಲ್ಲಿಯಲ್ಲಿ ಹಳೆ ಶಿಲಾಯುಗದ ಆಯುಧಗಳನ್ನು ಗುರುತಿಸಿದರು. ಮುಂದೆ 1950ರ ದಶಕದಲ್ಲಿ ಆರ್. ವಿ. ಜೋಶಿ ಅದೇ ಕಣಿವೆಯಲ್ಲಿ ದೊಡ್ಡ ಅಧ್ಯಯನ ಮಾಡಿದರು. ನಿಮ್ಮ ಗೋಕಾಕದ ಹತ್ತಿರ ಫೂಟ್ ಅವರಿಗೆ ಘೇಂಡಾಮೃಗದ ಪಳೆಯುಳಿಕೆ ಸಿಕ್ಕಿತ್ತು! ಅದಕ್ಕೆ ಡೆಕ್ಕನೆನ್ಸಿಸ್ ಅಂತ ದಖನ್ನಿನ ಹೆಸರನ್ನೇ ಇಟ್ಟು 1874ರಲ್ಲಿ ಚಿತ್ರ ಸಮೇತ ಪ್ರಕಟಿಸಿದರು. ಈಗ ಕಬ್ಬು ಬೆಳೆಯುವ ನಿಮ್ಮ ನದಿ ದಡದಲ್ಲಿ ಒಂದು ಕಾಲಕ್ಕೆ ಘೇಂಡಾಮೃಗ ಓಡಾಡಿತ್ತು. ನಿಮ್ಮ ಕಡೆ ಹಳ್ಳದ ದಂಡೆಯಲ್ಲಿ ಇಂಥ ಮೂಳೆ ಕಂಡವರು ಯಾರಾದರೂ ಇದ್ದರೆ ಇಲ್ಲಿ ಹಾಕಿ, ಫೋಟೋ ಇದ್ದರೆ ಇನ್ನೂ ಒಳ್ಳೆಯದು.